ಒಂದೇ ಕಪ್ಪಿನ ಸಂಸಾರ

ನಮ್ಮ ಭಾವನಿಗೆ ಅಡುಗೆಮನೆಯ ಬಗ್ಗೆ ಗೊತ್ತಿದ್ದದ್ದು ಒಂದೇ ಸಂಗತಿ, ಅದು ಮನೆಯ ಯಾವ ಕಡೆಗಿದೆ ಅನ್ನುವುದು. ಹಾಲು ಉಕ್ಕುತ್ತಿದ್ದರೆ ಒಲೆ ಆರಿಸುವ ಬದಲು ಅಕ್ಕನನ್ನು ಕೂಗುತ್ತಿದ್ದರು. ಕೂಗಿ ಮುಗಿಯುವಷ್ಟರಲ್ಲಿ ಹಾಲು ನೆಲ ಸೇರಿರುತ್ತಿತ್ತು. ಅಂಥ ಮನುಷ್ಯ ಒಂದು ಬೆಳಿಗ್ಗೆ ನನ್ನ ಕೈಯಿಂದ ಸೌಟು ಕಿತ್ತುಕೊಂಡು, "ಪುಟ್ಟಿ, ಸ್ವಲ್ಪ ಆ ಕಡೆ ನಿಂತ್ಕೋ. ಇದು ನನ್ನ ಕೆಲಸ" ಅಂದರೆ ನನಗೆ ಹೇಗಾಗಬೇಡ? ತಲೆಯಲ್ಲಿ ಕರಿ ಕೂದಲು ಹುಡುಕಿ ತೆಗೆಯಬೇಕಾದ ಈ ವಯಸ್ಸಿನಲ್ಲೂ ಅವರಿಗೆ ನಾನು ಪುಟ್ಟಿಯೇ. ಹೆಂಡತಿಯ ತಂಗಿಗೆ ವಯಸ್ಸಾಗುತ್ತದೆ ಅನ್ನುವುದು ಅವರಿಗಿನ್ನೂ ತಿಳಿದಿಲ್ಲ.

ಭಾವನದು ಪುಸ್ತಕಗಳಿಗೆ ರಟ್ಟು ಹಾಕುವ ಕಸುಬು. ಬೀದಿಯವರೆಲ್ಲ ರಟ್ಟಣ್ಣ ಅಂತಲೇ ಕರೆಯುವುದು. ಅಂಗಡಿ ಅಂದರೆ ಒಂದೇ ಕೋಣೆ. ಉದ್ದನೆಯ ಮೇಜು, ತಿರುಪು ತಿರುಗಿಸಿ ಬಿಗಿಯುವ ಕಬ್ಬಿಣದ ಪ್ರೆಸ್ಸು, ಬೆನ್ನು ಮುರಿದುಕೊಂಡು ಬಂದ ನಿಘಂಟುಗಳು, ಹಾಳೆ ಉದುರಿಸಿಕೊಂಡು ಬಂದ ಶಾಲೆಪುಸ್ತಕಗಳು. ಮೂಲೆಯಲ್ಲಿ ಪುಟ್ಟ ಸ್ಟವ್ವು, ಅದರ ಮೇಲೆ ತಳ ಕಪ್ಪಾದ ಪಾತ್ರೆ. ಬಾಗಿಲು ತೆಗೆದ ಕೂಡಲೇ ಅದರಲ್ಲಿ ಹಿಟ್ಟು ಕಾಯಿಸಿ ಅಂಟು ಮಾಡುವುದು ಅವರ ಮೊದಲ ಕೆಲಸ. ಡಬ್ಬಿಯಲ್ಲಿ ಬರುವ ಅಂಟು ಕಂಡರೆ ಅವರಿಗಾಗದು. "ಅದಕ್ಕೆ ಹಿಡ್ಕೊಳ್ಳೋದು ಗೊತ್ತು, ಬಿಡೋದು ಗೊತ್ತಿಲ್ಲ. ನಾಳೆ ಇನ್ಯಾರೋ ರಿಪೇರಿಗೆ ಅಂತ ಬಿಚ್ಚಿದ್ರೆ ಹಾಳೆನೇ ಹರಿದು ಬರುತ್ತೆ" ಅನ್ನುತ್ತಾರೆ. ಮಾತು ಕಡಿಮೆಯ ಮನುಷ್ಯ. ಅಂಟಿನ ವಿಷಯ ಬಂದರೆ ಮಾತ್ರ ಬಾಯಿ ಬರುತ್ತದೆ.

ಮನೆಗೆ ಬೇಕಾದ ಬಾಯಿಯೆಲ್ಲ ಅಕ್ಕನಲ್ಲಿತ್ತು. ಅವಳು ಚಿತ್ರಮಂದಿರದ ಟಿಕೆಟ್ ಕಿಟಕಿಯ ಹಿಂದೆ ಕೂತು ವಯಸ್ಸು ಕಳೆದವಳು. ಒಂದು ಕೈ ತೂರುವಷ್ಟು ತೂತಿನಿಂದಲೇ ಇಡೀ ಸರದಿಯನ್ನು ಗದರಿಸಿ ನೆಟ್ಟಗೆ ನಿಲ್ಲಿಸುತ್ತಿದ್ದಳು. ನನ್ನ ಬಾಯೇನೂ ಕಮ್ಮಿಯಲ್ಲ, ಆದರೂ ಅವಳ ಮುಂದೆ ನಾನು ಮೂಕಿ.

ಅವರಿಬ್ಬರದು ಒಂದು ವಿಚಿತ್ರ ಅಭ್ಯಾಸ. ಮನೆಯಲ್ಲಿ ಕಾಫಿ ಮಾಡಿದರೆ ಇಬ್ಬರಿಗೂ ಸೇರಿ ಒಂದೇ ಕಪ್ಪು. ಅಕ್ಕ ಒಂದು ಗುಟುಕು, ಭಾವ ಒಂದು ಗುಟುಕು, ಮತ್ತೆ ಅಕ್ಕ, ಮತ್ತೆ ಭಾವ. ಸಂಸಾರ ಹೂಡಿದ ಹೊಸದರಲ್ಲಿ ಮನೆಯಲ್ಲಿ ಒಡೆಯದೆ ಉಳಿದಿದ್ದ ಕಪ್ಪು ಒಂದೇ ಆಗಿತ್ತಂತೆ. ಆಮೇಲೆ ಕಪಾಟಿನ ತುಂಬ ಕಪ್ಪುಗಳು ಬಂದವು, ಅಭ್ಯಾಸ ಹೋಗಲಿಲ್ಲ. ಮಕ್ಕಳು ಮರಿ ಇಲ್ಲದ ಮನೆ, ಕೇಳುವವರು ಯಾರು? ನಾನು ಹೋದಾಗಲೆಲ್ಲ ಮೂಗು ಮುರಿಯುತ್ತಿದ್ದೆ. "ಬಂದವರಿಗೆ ಕಪ್ಪು, ನಿಮ್ಮಿಬ್ಬರಿಗೆ ಎಂಜಲು" ಅಂದರೆ ಅಕ್ಕ, "ನಿನಗ್ಯಾಕೆ ಹೊಟ್ಟೆಯುರಿ? ಅವರು ಕುಡಿದು ಕೊಡದಿದ್ರೆ ನನಗೆ ಗಂಟಲಲ್ಲಿ ಇಳಿಯಲ್ಲ" ಅನ್ನುತ್ತಿದ್ದಳು. ಅದು ತಮಾಷೆಯ ಮಾತಲ್ಲ ಅನ್ನುವುದು ನನಗೆ ಆಗ ಗೊತ್ತಿರಲಿಲ್ಲ.

ಒಂದು ಬೆಳಿಗ್ಗೆ ಹಲ್ಲುಜ್ಜುತ್ತಾ ನಿಂತಿದ್ದವಳಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಬಲಗಾಲು ಹೋಯಿತು, ಬಾಯಿಯ ಬಲ ಅಂಚು ಜಾರಿತು. ಮಾತು ಕಲಸಿದ ಹಿಟ್ಟಾಯಿತು. ತಿಳಿವಳಿಕೆಗೆ ಮಾತ್ರ ಏನೂ ಆಗಿರಲಿಲ್ಲ, ಕಣ್ಣಲ್ಲಿ ಅದೇ ಹಳೆಯ ಟಿಕೆಟ್ ಕಿಟಕಿಯ ಜೋರು. ನನ್ನದು ಹೊಲಿಗೆ ಕೆಲಸ, ಒಂಟಿ ಜೀವ. ಮಿಷಿನ್ನು, ಒಂದು ಪೆಟ್ಟಿಗೆ ಬಟ್ಟೆ ಹೇರಿಕೊಂಡು ಅವರ ಮನೆಗೇ ಬಂದುಬಿಟ್ಟೆ.

ಆಸ್ಪತ್ರೆಯಲ್ಲಿ ನುಂಗುವುದನ್ನು ಕಲಿಸಲಿಕ್ಕೆ ಅಂತಲೇ ಒಬ್ಬಳು ಹುಡುಗಿ ಇದ್ದಳು. ನಾವು ಅವಳಿಗೆ ನುಂಗೋ ಮೇಡಂ ಅಂತ ಹೆಸರಿಟ್ಟೆವು. ಒಳ್ಳೆಯ ಹುಡುಗಿ, ಒಂದೇ ವಿಷಯವನ್ನು ಬೇಜಾರಿಲ್ಲದೆ ಮತ್ತೆ ಮತ್ತೆ ಹೇಳುತ್ತಿದ್ದಳು. "ಗಂಟಲಲ್ಲಿ ಎರಡು ದಾರಿ ಇವೆ ಅಮ್ಮಾ. ಒಂದು ಹೊಟ್ಟೆಗೆ, ಒಂದು ಉಸಿರಿಗೆ. ನುಂಗುವಾಗ ಉಸಿರಿನ ದಾರಿಗೆ ಬಾಗಿಲು ಹಾಕ್ಕೋಬೇಕು. ಇವರದ್ದು ತಡವಾಗಿ ಹಾಕ್ಕೊಳ್ತಿದೆ. ನೀರು, ಕಾಫಿ ಎಲ್ಲ ಓಡೋ ಪದಾರ್ಥ, ಬಾಗಿಲು ಹಾಕೋ ಮೊದಲೇ ನುಗ್ಗಿಬಿಡುತ್ತೆ. ಗಟ್ಟಿಯಾಗಿರೋದು ನಿಧಾನವಾಗಿ ಹೋಗುತ್ತೆ. ಏನೇ ಕೊಟ್ರೂ ಜೇನಿನಷ್ಟು ಗಟ್ಟಿ ಇರಲಿ." ಗದ್ದ ತಗ್ಗಿಸಿ ಕೂರಿಸಬೇಕು, ಒಂದೊಂದೇ ಚಮಚ ಕೊಡಬೇಕು, ಬಾಯಿಗೆ ಹೋದ ಚಮಚವನ್ನು ಮತ್ತೆ ಪಾತ್ರೆಗೆ ಅದ್ದಬಾರದು ಅಂತಲೂ ಹೇಳಿದಳು. ಕೊನೆಯದನ್ನು ಶುಚಿತ್ವದ ಪಾಠ ಅಂದುಕೊಂಡು ನಾವು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟೆವು.

ನೀರನ್ನು ಗಟ್ಟಿ ಮಾಡುವ ಪುಡಿಯ ಡಬ್ಬಿ ಮನೆಗೆ ಬಂತು. ಅದನ್ನು ಹಾಕಿ ಕಾಫಿ ಕಲಸಿದೆ. ಅಕ್ಕ ಒಂದು ಚಮಚ ಬಾಯಿಗೆ ತೆಗೆದುಕೊಂಡಳು, ಬಿಸಿ ತುಪ್ಪ ಇಟ್ಟುಕೊಂಡವಳ ಹಾಗೆ ನುಂಗಲೂ ಆರದೆ ಉಗುಳಲೂ ಆರದೆ ಕೂತಳು, ಕಡೆಗೆ ಉಗುಳಿದಳು. ಬರೆಯುವ ಹಲಗೆಯನ್ನು ಸನ್ನೆಯಲ್ಲೇ ಕೇಳಿ ಪಡೆದು ಎಡಗೈಯಲ್ಲಿ ಸೊಟ್ಟಸೊಟ್ಟಗೆ ಬರೆದಳು: ಕಾಫಿಯ ಹೆಣ. ಹಣ್ಣು ನುರಿದು ಕೊಟ್ಟೆ, ಗಂಜಿ ಮಾಡಿ ಕೊಟ್ಟೆ, ಬೈದೆ, ಅತ್ತೆ. ಅವಳು ತುಟಿ ಬಿಗಿದಳೆಂದರೆ ಮುಗಿಯಿತು, ಹೌಸ್‌ಫುಲ್ ಬೋರ್ಡು ನೇತುಹಾಕಿದ ಹಾಗೆ.

ಮೈಯಿಳಿದು ಬಟ್ಟೆಯೆಲ್ಲ ಜೋತು ಬಿದ್ದವು. ನಾನೇ ಒಳಗೆ ಹಿಡಿದು ಹೊಲಿದೆ, ವಾರ ಕಳೆಯುವುದರೊಳಗೆ ಮತ್ತೆ ಹಿಡಿದು ಹೊಲಿಯಬೇಕಾಯಿತು. ತೂಕ ನೋಡಿದ ಡಾಕ್ಟರು ಮೆತ್ತಗೆ ಹೇಳಿದರು. "ಮುಂದಿನ ಸಲ ಬರೋ ಹೊತ್ತಿಗೂ ಹೀಗೇ ಇಳಿದಿದ್ರೆ ಹೊಟ್ಟೆಗೆ ಒಂದು ನಳಿಗೆ ಹಾಕೋಣ. ನೇರವಾಗಿ ಹೊಟ್ಟೆಗೇ ಊಟ. ಬಾಯಿಯ ತಾಪತ್ರಯ ಇರಲ್ಲ." ಅಕ್ಕ ಎಡಗೈಯಲ್ಲಿ ಭಾವನ ಅಂಗಿ ಹಿಡಿದು ಜಗ್ಗಿದಳು, ಬೇಡ ಅಂತ ತಲೆಯಾಡಿಸಿದಳು, ಹೊರಗೆ ಬರುವ ತನಕ ಆ ಅಂಗಿ ಬಿಡಲಿಲ್ಲ. ಮನೆಗೆ ಬಂದ ಮೇಲೆ ಭಾವ ನನ್ನ ಹತ್ತಿರ ಬಂದು, "ಬಾಯೇ ಬೇಡ ಅಂದ್ರೆ, ಪುಟ್ಟಿ, ಅವಳಲ್ಲಿ ಉಳಿಯೋದು ಏನು?" ಅಂದರು.

ಅವರ ಅಂಗಡಿಯ ಪಕ್ಕ ಒಂದು ಬೇಕರಿ. ಬೇಕರಿಯವರು ಹಿಂದೆ ಹಡಗಿನ ಅಡುಗೆಮನೆಯಲ್ಲಿ ಒಬ್ಬ ಇಟಲಿ ಬಾಣಸಿಗನ ಕೈಕೆಳಗೆ ದುಡಿದವರು. ಭಾವ ಅವರನ್ನು ಕೇಳಿದ ಪ್ರಶ್ನೆ ನನಗೆ ಇವತ್ತಿಗೂ ಇಷ್ಟ. ಲಕ್ವ ಹೊಡೆದವರಿಗೆ ಏನು ಕೊಡಬೇಕು ಅಂತ ಅವರು ಕೇಳಲಿಲ್ಲ. "ಜನ ಆರೋಗ್ಯವಾಗಿದ್ದಾಗಲೇ, ಅವರಾಗಿಯೇ ಇಷ್ಟಪಟ್ಟು, ಗಟ್ಟಿಯಾಗಿ ಕುಡಿಯೋದು ಏನಾದ್ರೂ ಇದೆಯಾ?" ಅಂತ ಕೇಳಿದರಂತೆ.

"ಇಲ್ದೆ ಏನು ರಟ್ಟಣ್ಣ, ಇಟಲಿಯವರ ಬಿಸಿ ಚಾಕೊಲೇಟು ಇದೆಯಲ್ಲ" ಅಂದರಂತೆ ಬೇಕರಿಯವರು. "ಅದನ್ನ ಕುಡಿಯೋದಲ್ಲ, ಚಮಚದಲ್ಲಿ ತಿನ್ನೋದು. ಕೆನೆ ಹಾಲು, ಕೋಕೋ ಪುಡಿ, ಸಕ್ಕರೆ, ಕಹಿ ಚಾಕೊಲೇಟು, ಗಟ್ಟಿಯಾಗೋಕೆ ಒಂದಿಷ್ಟು ಕಾರ್ನ್‌ಫ್ಲೋರು."

"ಕಾರ್ನ್‌ಫ್ಲೋರು ಹಾಕಿ ಕಾಯಿಸೋದು ಅಂದ್ರೆ ಅಂಟು."

"ಅಂಟು ಅನ್ಬೇಡಿ, ನನ್ನ ಗುರುವಿನ ಆತ್ಮ ನೊಂದ್ಕೊಳ್ಳುತ್ತೆ."

ನುಂಗೋ ಮೇಡಂಗೆ ಫೋನು ಮಾಡಿ ಕೇಳಿದೆವು. ಗಟ್ಟಿ ಸರಿಯಾಗಿದ್ದರೆ, ಸುಡುವ ಬಿಸಿ ಇಲ್ಲದಿದ್ದರೆ ಕೊಡಬಹುದು ಅಂದಳು. ಮಾರನೆಯ ಬೆಳಿಗ್ಗೆಯೇ ಭಾವ ನನ್ನ ಕೈಯಿಂದ ಸೌಟು ಕಿತ್ತುಕೊಂಡದ್ದು. ಮೊದಲು ನಾನು ಅವರ ಜೇಬು ನೋಡಿದೆ. ಹುಳ ಹಿಡಿಯದಿರಲಿ ಅಂತ ಅಂಟಿಗೆ ಮೈಲುತುತ್ತದ ವಿಷ ಹಾಕುವ ಕೈ ಅದು. "ಭಾವ, ಅಭ್ಯಾಸಬಲದಿಂದ ಏನಾದರೂ ಉದುರಿಸಿಬಿಟ್ಟೀರಿ" ಅಂದೆ. ಅವರು ನಗಲಿಲ್ಲ, ಕೈ ತೊಳೆದುಕೊಂಡು ಬಂದು ಎರಡೂ ಅಂಗೈ ನನಗೆ ತೋರಿಸಿದರು.

ಆಮೇಲೆ ನೋಡಬೇಕಿತ್ತು. ನಾನಾಗಿದ್ದರೆ ಹಾಲು ಕುದಿಸಿ ಮೇಲಿಂದ ಹಿಟ್ಟು ಸುರಿದು ಗಂಟು ಒಡೆಯುತ್ತಾ ಕೂರುತ್ತಿದ್ದೆ. ಅವರು ಕೋಕೋ, ಹಿಟ್ಟು, ಸಕ್ಕರೆ ಮೂರನ್ನೂ ಒಣಗಿದ್ದಾಗಲೇ ಜರಡಿ ಹಿಡಿದರು. ಅದಕ್ಕೆ ತಣ್ಣನೆಯ ಹಾಲು ಬೊಗಸೆಯಷ್ಟು ಹಾಕಿ, ಬೆರಳಿಗೆ ಒಂದು ಹರಳೂ ಸಿಗದ ಹಾಗೆ ಕಲಸಿದರು. ಉಳಿದ ಹಾಲನ್ನು ನಿಧಾನವಾಗಿ ಸೇರಿಸಿ ಸಣ್ಣ ಉರಿಯ ಮೇಲಿಟ್ಟರು. ಸೌಟು ತಳ ಬಿಡದ ಹಾಗೆ, ಮೂಲೆ ಮೂಲೆ ಗುಡಿಸಿದ ಹಾಗೆ ತಿರುಗಿಸುತ್ತಾ ನಿಂತರು. ನಾನು ಉರಿ ಜಾಸ್ತಿ ಮಾಡಲು ಹೋದರೆ ಕೈಗೆ ಮೆಲ್ಲಗೆ ಒಂದು ಪೆಟ್ಟು. ಹಾಲಿನ ಬಣ್ಣ ಮಬ್ಬಾಗಿ ಆಮೇಲೆ ಹೊಳಪು ಬಂತು, ಸೌಟು ಹೋದ ದಾರಿ ಒಂದು ಗಳಿಗೆ ಹಾಗೇ ಉಳಿಯಿತು, ಒಂದೆರಡು ಗುಳ್ಳೆ ಎದ್ದು ಒಡೆದವು. "ಹಿಟ್ಟು ಬೆಂತು" ಅಂದು ಒಲೆಯಿಂದ ಇಳಿಸಿದರು. ಚಾಕೊಲೇಟು ಬೆಂಕಿ ಕಾಣಬಾರದಂತೆ, ಬೇಕರಿಯವರ ಕಟ್ಟಪ್ಪಣೆ. ಇಳಿಸಿದ ಮೇಲೆ ಚೂರು ಚೂರಾಗಿ ಹಾಕಿ, ಅದು ತಾನಾಗಿ ಕರಗುವ ತನಕ ಕಲಕಿದರು. ಮನೆಯೆಲ್ಲ ಘಮಘಮ. ಒಳಗಿನ ಕೋಣೆಯಿಂದ ಅಕ್ಕ ಮಂಚಕ್ಕೆ ಎಡಗೈ ಬಡಿದು ಏನದು ಅಂತ ಕೇಳಿದಳು.

ಅಷ್ಟು ಚೆನ್ನಾಗಿ ಮಾಡಿ ಅವರು ಮಾಡಿದ ಕೆಲಸ ಏನು ಗೊತ್ತೆ? ಪಾತ್ರೆಯ ಮೇಲೆ ಒದ್ದೆ ಬಟ್ಟೆ ಮುಚ್ಚಿ, ಕಿಟಕಿಯಲ್ಲಿ ಆರಲಿಟ್ಟು ಅಂಗಡಿಗೆ ಹೊರಟರು. ಅಂಟು ಯಾವತ್ತೂ ಆರಿದ ಮೇಲೇ ಬಳಸುವುದಂತೆ. ನಾನು ಬಾಗಿಲಿಗೆ ಅಡ್ಡ ನಿಂತೆ. ಅಷ್ಟರಲ್ಲೇ ಅದು ಹೆಪ್ಪುಗಟ್ಟಿ ಚಮಚ ನೆಟ್ಟಗೆ ನಿಲ್ಲುವ ಹಾಗಾಗಿತ್ತು. "ಇದರಲ್ಲಿ ಅಕ್ಕನಿಗೆ ರಟ್ಟು ಹಾಕ್ತೀರಾ ಭಾವ?" ಅಂದೆ. ಈ ಸಲ ನಕ್ಕರು. ಎರಡನೆಯ ಸಲ ಹಿಟ್ಟು ಕಡಿಮೆ ಮಾಡಿ, ಹೆಬ್ಬೆರಳು ತೋರುಬೆರಳ ನಡುವೆ ಒಂದು ಹನಿ ಹಿಡಿದು ಎಳೆದು ನೋಡಿ, ಚಮಚ ಓರೆ ಮಾಡಿದರೆ ಜೇನಿನ ಹಾಗೆ ಇಳಿಯುವುದನ್ನು ನೋಡಿ, ಬೆಚ್ಚಗಿರುವಾಗಲೇ ತೆಗೆದುಕೊಂಡು ಹೋದರು.

ಒಂದು ಮಾತು ಅಕ್ಕನಿಗೆ ಹೇಳಿದರು. "ಇದು ರೋಗಿಗಳದ್ದಲ್ಲ ಕಣೇ. ಹುಟ್ಟಿದ್ದೇ ಗಟ್ಟಿಯಾಗಿ. ಅಲ್ಲಿಯವರು ಕಾಲ ಮೇಲೆ ಕಾಲು ಹಾಕ್ಕೊಂಡು ಕೂತು ತಿಂತಾರಂತೆ."

ಅಕ್ಕ ಬಾಯಿ ತೆರೆದಳು. ಚಮಚ ಒಳಗೆ ಹೋಯಿತು. ನಾನು ಅವಳ ಗಂಟಲನ್ನೇ ನೋಡುತ್ತಿದ್ದೆ, ನನ್ನದರಲ್ಲಿ ಉಗುಳು ಇಳಿಯಲಿಲ್ಲ. ಅವಳದರಲ್ಲಿ ಚಾಕೊಲೇಟು ಇಳಿಯಿತು. ಕೆಮ್ಮಲಿಲ್ಲ. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಹಾಗೇ ಕೂತಳು. ಎರಡನೆಯ ಚಮಚ ಹಿಡಿದರೆ ಬಾಯಿ ತೆರೆಯಲೊಲ್ಲಳು. ಭಾವನ ಮುಖ ನೋಡಿದಳು, ಗದ್ದದಿಂದ ಕಪ್ಪು ತೋರಿಸಿದಳು. ಅವರಿಗೆ ಅರ್ಥವಾಯಿತು. ಅದೇ ಚಮಚದಲ್ಲಿ ತಾವೊಂದು ಬಾಯಿ ತಿಂದರು. ಅಕ್ಕ ಬಾಯಿ ತೆರೆದಳು. ಅವಳಿಗೊಂದು, ಇವರಿಗೊಂದು, ಅವಳಿಗೊಂದು, ಇವರಿಗೊಂದು. ಆ ದಿನ ನಾನು ಎಂಜಲಿನ ಮಾತೆತ್ತಲಿಲ್ಲ. ಅಡುಗೆಮನೆಗೆ ಹೋಗಿ ಪಾತ್ರೆಯ ತಳ ಕೆರೆದು ತಿಂದೆ, ಸಂತೋಷಕ್ಕೆ ಅಳು ಬರುತ್ತಿತ್ತು.

ದಿನವೂ ಬೆಳಿಗ್ಗೆ ಸಂಜೆ ಹೀಗೇ ನಡೆಯಿತು. ಅಕ್ಕನ ಕೆನ್ನೆಗೆ ಸ್ವಲ್ಪ ಕಳೆ ಬಂತು. ಆದರೆ ಕಪ್ಪು ತಳ ಮುಟ್ಟುವ ಹೊತ್ತಿಗೆ ಅವಳಿಗೆ ಸಣ್ಣಗೆ ಕೆಮ್ಮು. ದಣಿವಿರಬೇಕು ಅಂದುಕೊಂಡೆವು. ಒಂದು ಸಂಜೆ ಕೊನೆಯ ಚಮಚಕ್ಕೆ ಕೆಮ್ಮು ಹಿಡಿದದ್ದು ನಿಲ್ಲಲೇ ಇಲ್ಲ. ಮುಖ ಕಪ್ಪಿಟ್ಟಿತು, ಕಣ್ಣಲ್ಲಿ ನೀರು ಬಂತು. ಮರುದಿನ ಜ್ವರ. ಆಸ್ಪತ್ರೆಯಲ್ಲಿ ಎದೆಯ ಚಿತ್ರ ತೆಗೆದು, ಆಹಾರ ಉಸಿರಿನ ದಾರಿಗೆ ಇಳಿದಿದೆ ಅಂದರು. ಬಾಯಿಗೆ ಏನೂ ಕೊಡಬಾರದು ಅಂತ ಮಂಚಕ್ಕೆ ಚೀಟಿ ಅಂಟಿಸಿ, ಸದ್ಯಕ್ಕೆ ಮೂಗಿನಿಂದ ಒಂದು ಸಣ್ಣ ನಳಿಗೆ ಹಾಕಿದರು. ಜ್ವರ ಇಳಿದ ಮೇಲೆ ನುಂಗೋ ಮೇಡಂ ಒಂದು ಸಲ ಪರೀಕ್ಷೆ ಮಾಡುತ್ತಾಳೆ, ಅದರಲ್ಲಿ ಸೋತರೆ ಹೊಟ್ಟೆಯ ನಳಿಗೆಯೇ ಗತಿ ಅಂದರು ಡಾಕ್ಟರು.

ಭಾವ ಅಂಗಡಿಗೆ ಹೋಗುವುದು ಬಿಟ್ಟರು. ಹಿಟ್ಟು ಕಮ್ಮಿಯಾಯಿತಾ, ಬೆಂದದ್ದು ಸಾಲದಾಯಿತಾ ಅಂತ ತಮ್ಮಷ್ಟಕ್ಕೆ ಗೊಣಗುತ್ತಾ ಮನೆಯಲ್ಲಿ ಶತಪಥ ತುಳಿದರು. ಒಂದು ಮಧ್ಯಾಹ್ನ ನಾನು ಅಕ್ಕನ ರವಿಕೆ ಹೊಲಿಯಲು ಕೂತಿದ್ದೆ. ದಾರ ಸೂಜಿಗೆ ಹೋಗುತ್ತಿರಲಿಲ್ಲ. ನಮ್ಮ ಕಸುಬಿನ ಎಲ್ಲರೂ ಮಾಡುವ ಹಾಗೆ ದಾರದ ತುದಿಯನ್ನು ನಾಲಿಗೆಗೆ ತಾಗಿಸಿ ಬೆರಳಲ್ಲಿ ಹೊಸೆದೆ. ಎದುರಿಗೆ ಕೂತಿದ್ದ ಭಾವ ಎಲ್ಲೋ ನೋಡುತ್ತಿದ್ದವರು, ಅಂಗಡಿಯ ಗದರು ದನಿಯಲ್ಲಿ, "ಆ ಬೆರಳು ಅಂಟಿಗೆ ಹಾಕ್ಬೇಡ" ಅಂದರು.

ಅಂದವರು ಅಲ್ಲೇ ಮಾತು ತಡೆದರು. ಅಲ್ಲಿ ಅಂಟೂ ಇರಲಿಲ್ಲ, ಅಂಗಡಿಯೂ ಇರಲಿಲ್ಲ.

"ಯಾಕೆ ಹಾಕಬಾರದು ಭಾವ?" ಅಂದೆ, ಏನೋ ಆಗಿದೆ ಅನ್ನಿಸಿ.

"ಉಗುಳು ತಗುಲಿದ್ರೆ ಅಂಟು ನೀರಾಗಿಹೋಗುತ್ತೆ. ಪುಸ್ತಕ ಹೊಲಿಯೋರೂ ನಿನ್ನ ಹಾಗೇ, ದಾರ ನೆಕ್ಕಿ ಅದೇ ಬೆರಳು ಪಾತ್ರೆಗೆ ಅದ್ದುತ್ತಾರೆ. ಮಧ್ಯಾಹ್ನದೊಳಗೆ ಪಾತ್ರೆಯೆಲ್ಲ ತೆಳ್ಳಗೆ. ಜೀವಮಾನವೆಲ್ಲ ಇದಕ್ಕೇ ಬೈದಿದೀನಿ."

ಅವರು ಎದ್ದು ಅಡುಗೆಮನೆಗೆ ಹೋದರು. ಚಾಕೊಲೇಟು ಮಾಡಿ ಎರಡು ಬಟ್ಟಲಿಗೆ ಹಾಕಿದರು. ಒಂದರಲ್ಲಿ ಶುದ್ಧ ಚಮಚ ಇಟ್ಟರು. ಇನ್ನೊಂದರಿಂದ ತಾವೊಂದು ಚಮಚ ತಿಂದು, ಅದೇ ಚಮಚ ಒಳಗೆ ಅದ್ದಿ, ಮತ್ತೆ ತಿಂದು, ಮತ್ತೆ ಅದ್ದಿ, ಹಾಗೇ ಬಿಟ್ಟರು. ಇಬ್ಬರೂ ಕಾವಲು ಕೂತವರ ಹಾಗೆ ಕೂತೆವು. ಸ್ವಲ್ಪ ಹೊತ್ತಿನ ಮೇಲೆ ಎರಡೂ ಬಟ್ಟಲು ಓರೆ ಮಾಡಿದರು. ಒಂದು ಸೋಮಾರಿಯ ಹಾಗೆ ನಿಧಾನ ಜಾರಿತು. ಇನ್ನೊಂದು ಕಾಫಿಯ ಹಾಗೆ ಓಡಿತು.

"ಕೊನೆಗೆ ಉಳಿದದ್ದೇ ಅವಳಿಗೆ ಕೆಮ್ಮು ತರ್ತಿತ್ತು" ಅಂದರು ಭಾವ. "ನಾನು ಗಟ್ಟಿಯಾಗೇ ಮಾಡ್ತಿದ್ದೆ. ಅವಳಿಗೆ ನೀರಾಗಿ ಹೋಗ್ತಿತ್ತು. ನೀರು ಮಾಡಿದ್ದು ನಮ್ಮಿಬ್ಬರ ಬಾಯಿ." ತಲೆ ಮೇಲೆ ಕೈ ಹೊತ್ತು ಕೂತರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಹಾಗಾಯಿತು ನಮ್ಮ ಕಥೆ. ಬೇರೆ ಯಾವ ಮನೆಯಲ್ಲೂ ಈ ತಪ್ಪು ಆಗುತ್ತಿರಲಿಲ್ಲ. ಒಂದೇ ಕಪ್ಪಿನಲ್ಲಿ ತಿನ್ನುವ ಹುಚ್ಚು ಬೇರೆ ಯಾರಿಗಿತ್ತು?

ನುಂಗೋ ಮೇಡಂಗೆ ಹೇಳಿದೆವು. ಅವಳು ಹಣೆ ಒತ್ತಿಕೊಂಡಳು. "ಅದಕ್ಕೇ ಅಲ್ವಾ ನಾನು ಚಮಚ ಅದ್ದಬೇಡಿ ಅಂದಿದ್ದು? ಯಾಕೆ ಅಂತ ಬಿಡಿಸಿ ಹೇಳಬೇಕಿತ್ತು, ನನ್ನದೂ ತಪ್ಪು. ಪರೀಕ್ಷೆಯ ದಿನ ನೀವೇ ಮಾಡಿಕೊಂಡು ಬನ್ನಿ" ಅಂದಳು.

ಆ ದಿನ ಭಾವ ಬಿಸಿ ಉಳಿಯುವ ಫ್ಲಾಸ್ಕಿನಲ್ಲಿ ಚಾಕೊಲೇಟು ತಂದರು, ಜೊತೆಗೆ ಕಪ್ಪುಗಳು, ಮನೆಯಲ್ಲಿದ್ದಬದ್ದ ಚಮಚಗಳೆಲ್ಲ. ಮೂಗಿನ ನಳಿಗೆ ತೆಗೆದು ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿದರು. ಮೇಡಂ ಅವಳ ಗಂಟಲಿಗೆ ಮೆಲ್ಲಗೆ ಬೆರಳಿಟ್ಟು ನಿಂತಳು. ಮೊದಲ ಚಮಚ ಸಲೀಸಾಗಿ ಇಳಿಯಿತು. ಭಾವ ಆ ಚಮಚ ಪಕ್ಕಕ್ಕಿಟ್ಟು, ಇನ್ನೊಂದು ಕಪ್ಪು, ಇನ್ನೊಂದು ಚಮಚ ತೆಗೆದುಕೊಂಡು ತಾವೊಂದು ಬಾಯಿ ತಿಂದರು. ಆಮೇಲೆ ಹೊಸ ಚಮಚದಲ್ಲಿ ಅಕ್ಕನಿಗೆ ಎತ್ತಿದರು.

ಅಕ್ಕ ತೆರೆಯಲಿಲ್ಲ. ಅವರ ಕಪ್ಪು ನೋಡಿದಳು, ತನ್ನ ಕಪ್ಪು ನೋಡಿದಳು. ಎಡಗೈಯೆತ್ತಿ, ಜೊಲ್ಲು ಇಳಿಯುತ್ತಿದ್ದ ಬಾಯಿ ಅಂಚನ್ನು ಸೆರಗಿನಿಂದ ಒರೆಸಿಕೊಂಡಳು. ಮತ್ತೆ ಒರೆಸಿಕೊಂಡಳು. ತುಟಿ ಬಿಗಿದು ಮುಖ ಗೋಡೆಯ ಕಡೆ ತಿರುಗಿಸಿದಳು. ಅವಳ ತಂಗಿ ನಾನು, ನನಗೆ ತಿಳಿಯದೆ ಇರುತ್ತದೆಯೇ? ತನ್ನ ಬಾಯಿ ಸೋರುತ್ತದೆ, ತನ್ನ ಎಂಜಲು ಈಗ ಇವರಿಗೆ ಹೇಸಿಗೆಯಾಗಿದೆ ಅಂತ ಅವಳು ತಿಳಿದುಕೊಂಡಿದ್ದಳು.

ಭಾವ ಅಂಟಿನ ಕಥೆಯನ್ನೆಲ್ಲ ಹೇಳಿದರು. ಎರಡು ಬಟ್ಟಲಿನ ಕಥೆ ಹೇಳಿದರು. ಅವಳು ತಿರುಗಲಿಲ್ಲ. ನಾನು ಆಣೆ ಹಾಕಿದೆ, ತಿರುಗಲಿಲ್ಲ. ಮೇಡಂ ಗಂಟಲಿನಿಂದ ಕೈ ತೆಗೆದಳು. "ಬಲವಂತ ಮಾಡೋ ಹಾಗಿಲ್ಲ. ಅವರೇ ಬೇಡ ಅಂದ್ರೆ ನಾನು ಡಾಕ್ಟರಿಗೆ ಹಾಗೇ ಹೇಳಬೇಕಾಗುತ್ತೆ" ಅಂದಳು. ಅವಳಿಗೂ ಬೇಸರವಾಗಿತ್ತು.

ಭಾವ ಅಕ್ಕನ ಕುರ್ಚಿಯ ಆ ಪಕ್ಕಕ್ಕೆ, ಗೋಡೆಗೂ ಅವಳಿಗೂ ನಡುವೆ ಹೋಗಿ ಕೂತರು. ಅವಳ ಬಾಯಿಗೆ ಹೋದ ಚಮಚವನ್ನು ಎತ್ತಿ ಅವಳ ಕಪ್ಪಿಗೆ ಅದ್ದಿ ಕಲಕಿದರು. ಆಮೇಲೆ ಅದೇ ಚಮಚದಿಂದ ತಿನ್ನತೊಡಗಿದರು. ತೋರಿಕೆಗೆ ಒಂದು ಬಾಯಲ್ಲ. ಹಸಿದವರ ಹಾಗೆ, ಕಪ್ಪು ಖಾಲಿಯಾಗುವ ತನಕ, ಚಮಚದ ಹಿಂದು ಮುಂದು ನೆಕ್ಕಿ ತಿಂದರು. ಮೀಸೆಗೆಲ್ಲ ಚಾಕೊಲೇಟು.

"ಇದು ನಿನಗಾಗಲ್ಲ, ನನಗಾಗುತ್ತೆ" ಅಂದರು. "ಇನ್ಮೇಲೆ ಮೊದಲ ಪಾಲು ನಿನ್ನದು, ಬೇರೆ ಬೇರೆ ಚಮಚದಲ್ಲಿ. ಕೊನೆಗೆ ಉಳಿಯೋದು ನನ್ನ ಪಾಲು. ನಿನ್ನ ಚಮಚ ಎಲ್ಲ ಅದಕ್ಕೇ ಹಾಕ್ಕೊಂಡು ಕಲಸಿ ತಿಂತೀನಿ. ನಿನ್ನ ಬಾಯಿ ತಾಗದಿದ್ರೆ ನನಗೆ ಏನು ರುಚಿ ಇದೆ ಹೇಳು? ಇಷ್ಟು ವರ್ಷ ಆದ್ಮೇಲೆ ನಾನು ಹೊಸದಾಗಿ ಒಬ್ಬನೇ ತಿನ್ನೋದು ಕಲೀಲಾ?"

ಅವರ ಬಾಯಲ್ಲಿ ಅಷ್ಟು ಮಾತು ಒಟ್ಟಿಗೆ ನಾನು ಕೇಳಿದ್ದು ಅದೇ ಮೊದಲು. ಅಂಟಿನ ವಿಷಯ ಬಿಟ್ಟು.

ಅಕ್ಕ ಬಹಳ ಹೊತ್ತು ಅವರ ಮೀಸೆ ನೋಡಿದಳು. ಆಮೇಲೆ ಜೊಲ್ಲು ಒರೆಸಿಕೊಂಡಿದ್ದ ಅದೇ ಸೆರಗಿನ ತುದಿಯಿಂದ ಅವರ ಮೀಸೆ ಒರೆಸಿದಳು. ಗದ್ದ ತಗ್ಗಿಸಿ ಬಾಯಿ ತೆರೆದಳು. ನಾನೇ ಓಡಿಹೋಗಿ ಹೊಸ ಕಪ್ಪಿಗೆ ಬಗ್ಗಿಸಿ ಕೊಟ್ಟೆ, ಅವಸರಕ್ಕೆ ಸ್ವಲ್ಪ ನೆಲಕ್ಕೂ ಚೆಲ್ಲಿತು. ಒಂದೊಂದೇ ಚಮಚ, ಪ್ರತಿಸಲ ಹೊಸ ಚಮಚ. ಮೇಡಂ ಗಂಟಲಿಗೆ ಬೆರಳಿಟ್ಟು ಎಣಿಸುತ್ತಾ ಹೋದಳು. ಒಂದು ಕೆಮ್ಮೂ ಬರಲಿಲ್ಲ.

ಹೊಟ್ಟೆಯ ನಳಿಗೆಯನ್ನು ಡಾಕ್ಟರು ಸದ್ಯಕ್ಕೆ ಮುಂದೂಡಿದರು, ಆಮೇಲೆ ಆ ಮಾತೇ ಬಿಟ್ಟರು. ಅಕ್ಕ ಈಗ ಬೇರೆ ಮೆತ್ತನೆಯ ಊಟಗಳನ್ನೂ ತಿನ್ನುತ್ತಾಳೆ. ನಾನು ಹಿಡಿದು ಹೊಲಿದ ಬಟ್ಟೆಗಳ ಹೊಲಿಗೆ ಒಂದೊಂದಾಗಿ ಬಿಚ್ಚುತ್ತಿದ್ದೇನೆ, ಇಷ್ಟು ಖುಷಿಯಿಂದ ನಾನು ಯಾವ ಹೊಲಿಗೆಯನ್ನೂ ಬಿಚ್ಚಿದವಳಲ್ಲ. ಬೆಳಿಗ್ಗೆ ಸಂಜೆಯ ಚಾಕೊಲೇಟು ಮಾತ್ರ ತಪ್ಪಿಲ್ಲ, ಅದನ್ನು ಭಾವನೇ ಮಾಡಬೇಕು. ತೊಳೆಯಲು ಬೀಳುವ ಚಮಚಗಳ ರಾಶಿ ನೋಡಿದರೆ ಮನೆಯಲ್ಲಿ ಮದುವೆ ನಡೆದ ಹಾಗೆ. ಅದನ್ನು ತೊಳೆಯುವವಳು ನಾನು, ಅದಕ್ಕೇ ಹೇಳುತ್ತಿದ್ದೇನೆ.

ಮೊನ್ನೆ ನುಂಗೋ ಮೇಡಂ ನೋಡಲು ಮನೆಗೇ ಬಂದಿದ್ದಳು. ಅವಳೆದುರಿಗೇ ಅಕ್ಕ ಚಾಕೊಲೇಟು ತಿಂದಳು. ಕಪ್ಪಿನಲ್ಲಿ ಇನ್ನೂ ಒಂದಿಷ್ಟು ಇರುವಾಗಲೇ ಸಾಕು ಅಂತ ತಲೆಯಾಡಿಸಿದಳು. "ಇನ್ನು ಸ್ವಲ್ಪ ಇದೆಯಲ್ಲ ಅಮ್ಮಾ, ತೂಕ ಇನ್ನೂ ಹೆಚ್ಚಬೇಕು, ಮುಗಿಸಿಬಿಡಿ" ಅಂದಳು ಮೇಡಂ. ಅಕ್ಕನಿಗೆ ಈಗೀಗ ಒಂದೊಂದು ಪದ ಬರುತ್ತಿದೆ, ಎರಡು ಸೇರಿಸುವುದು ಕಷ್ಟ. ಅವಳು ಬಾಯಿಯನ್ನು ಹೇಗ್ಹೇಗೋ ತಿರುಗಿಸಿ, ಒಂದೊಂದನ್ನೇ ಹುಡುಕಿ ತೆಗೆದಳು.

"ಅದು... ಇವರ... ಪಾಲು."

ಭಾವ ಕಪ್ಪು ತೆಗೆದುಕೊಂಡು, ಅಕ್ಕನ ಬಾಯಿಗೆ ಹೋದ ಚಮಚಗಳನ್ನೆಲ್ಲ ಅದರೊಳಗೆ ಹಾಕಿಕೊಂಡು, ಕಿವಿ ಕೆಂಪಾಗಿಸಿಕೊಂಡು, ಎಲ್ಲರೆದುರಿಗೇ ತಿಂದು ಮುಗಿಸಿದರು.